ಚಾಚಿದ ಕೈ ಇಳಿಸಬಾರದು: ಪೌರಾಣಿಕ ನಾಟಕದಲ್ಲಿ ಅಪ್ಪನ ಪಾತ್ರ

ರಾಗಿ ಒಕ್ಕಣೆ ಮುಗಿದು ಕಣ ಬರಿದಾಯಿತೆಂದರೆ ತುಮಕೂರು ಸೀಮೆಯಲ್ಲಿ ಪೌರಾಣಿಕ ನಾಟಕದ ತಾಲೀಮಿನ ಕಾಲ. ಗುಬ್ಬಿ, ತುರುವೇಕೆರೆ, ಕುಣಿಗಲ್, ಶಿರಾ ಎನ್ನದೆ ಊರೂರ ದೇವಸ್ಥಾನದ ಅಂಗಳದಲ್ಲಿ ರಾತ್ರಿ ಊಟವಾದ ಮೇಲೆ ಹಾರ್ಮೋನಿಯಂ ಕೇಳಿಸತೊಡಗುತ್ತದೆ. ಮೊದಲ ದಿನ ಪಾತ್ರ ಹಂಚಿಕೆ. ದುರ್ಯೋಧನ, ಕೃಷ್ಣ, ಕರ್ಣನಿಗೆ ಪೈಪೋಟಿ. ಕೃಷ್ಣ ಬೇಕೆನ್ನುವವರು ಇಬ್ಬರಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಡೆದು ಕೊಡುವುದೂ ಉಂಟು. ಯಾವ ಪಾತ್ರಕ್ಕೆ ಪದ್ಯ ಹೆಚ್ಚೋ ಆ ಪಾತ್ರದವರ ವಂತಿಗೆಯೂ ಹೆಚ್ಚು. ಕೊನೆಗೆ ಯಾರೂ ಕೇಳದೆ ಉಳಿಯುವುದು ಧೃತರಾಷ್ಟ್ರ. ಪದ್ಯ ಕಡಿಮೆ, ಗದೆಯಿಲ್ಲ, ಯುದ್ಧವಿಲ್ಲ. ವಯಸ್ಸಾದವರು ಯಾರಾದರೂ ಮಾಡಿಕೊಳ್ಳಲಿ ಎಂದು ಬಿಡುತ್ತಾರೆ.

ಈ ಲೆಕ್ಕ ತಪ್ಪು. ಪರದೆ ಬಿದ್ದ ಮಾರನೆಯ ದಿನ ಹಾಲಿನ ಡೈರಿ ಮುಂದೆ ಜನ ಆಡಿಕೊಳ್ಳುವ ಮಾತು ಕೇಳಿ. ಯಾರ ಪದ್ಯಕ್ಕೆ ಎಷ್ಟು ಒನ್ಸ್‌ಮೋರ್ ಬಿತ್ತು ಎಂಬುದು ವಾರಕ್ಕೆ ಹಳೆಯದಾಗುತ್ತದೆ. ಮಗನ ಹೆಣದ ಮುಂದೆ ನಿಂತು ಸುಡುಗಾಡಿನ ಸುಂಕ ಕೇಳಿದ ಹರಿಶ್ಚಂದ್ರ, ಕಂದನನ್ನು ತೊಡೆಯಿಂದ ದೂಡಿದ ಹಿರಣ್ಯಕಶಿಪು, ಮಗನ ಹೆಸರು ಹೇಳುತ್ತಲೇ ಉಸಿರು ಬಿಟ್ಟ ದಶರಥ, ಇವರು ವರ್ಷಗಟ್ಟಲೆ ನಿಲ್ಲುತ್ತಾರೆ. ಅಪ್ಪನ ಪಾತ್ರ ಚೆನ್ನಾಗಿ ಆದರೆ ಇಡೀ ನಾಟಕ ಅದರ ಬೆನ್ನ ಮೇಲೆ ನಿಲ್ಲುತ್ತದೆ. ಕೆಟ್ಟರೆ ಅದೆಷ್ಟು ಪದ್ಯ ಹಾಡಿದರೂ ಆ ತೂಕ ಬರುವುದಿಲ್ಲ.

ಪುರಾಣದ ಅಪ್ಪಂದಿರೆಲ್ಲರ ಕಷ್ಟ ಒಂದೇ ಬಗೆಯದು. ಅಪ್ಪನಾಗಿರುವುದರ ಜೊತೆಗೆ ಇನ್ನೊಂದು ಕಟ್ಟು ಅವರ ಮೇಲಿರುತ್ತದೆ. ಹರಿಶ್ಚಂದ್ರ ಸುಡುಗಾಡಿನ ಒಡೆಯ ವೀರಬಾಹುವಿನ ಆಳು, ಒಡೆಯನ ಹಣ ಬಿಡುವ ಹಕ್ಕು ಅವನಿಗಿಲ್ಲ. ದಶರಥ ಎರಡು ವರ ಕೊಟ್ಟ ಅರಸ. ದ್ರೋಣ ಸೇನಾಪತಿ. ಧೃತರಾಷ್ಟ್ರ ಸಿಂಹಾಸನದ ಮೇಲೆ ಕುಳಿತೂ ಮಗನಿಗೆ ಬೇಡ ಎನ್ನಲಾರದವನು. ಹಿರಣ್ಯಕಶಿಪು ತನ್ನನ್ನೇ ದೇವರೆಂದು ಘೋಷಿಸಿಕೊಂಡ ಮೇಲೆ ಮನೆಯೊಳಗಿನ ಮಗು ಇಲ್ಲ ಎನ್ನುವುದನ್ನು ಕೇಳಬೇಕಾದವನು. ಅಪ್ಪ ಒಂದು ಕಡೆ, ಆ ಕಟ್ಟು ಇನ್ನೊಂದು ಕಡೆ ಎಳೆಯುವ ಒಂದೆರಡು ನಿಮಿಷ ಪ್ರತಿ ನಾಟಕದಲ್ಲೂ ಬರುತ್ತದೆ. ಆ ಹೊತ್ತಿನಲ್ಲಿ ಏನನ್ನು ತೋರಿಸಬೇಕು, ಏನನ್ನು ತಡೆಹಿಡಿಯಬೇಕು ಎಂಬುದೇ ಪಾತ್ರದ ಒಟ್ಟು ಕೆಲಸ.

ಇದನ್ನು ಚೆನ್ನಾಗಿ ಬಲ್ಲ ಪರಂಪರೆ ಈ ಜಿಲ್ಲೆಯದೇ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ನಟರು. ಅವರ ಮಗ ಮುತ್ತುರಾಜ ಬೆಳೆದದ್ದೂ ಆ ರಂಗದ ಮೇಲೆಯೇ. ಆ ಹುಡುಗ ರಾಜಕುಮಾರರಾಗಿ 1965ರಲ್ಲಿ ತೆರೆಯ ಮೇಲೆ ಹರಿಶ್ಚಂದ್ರನಾದರು. 1977ರಲ್ಲಿ ಅರ್ಜುನ, ಬಭ್ರುವಾಹನ ಎರಡೂ ಪಾತ್ರಗಳನ್ನು, ಎಂದರೆ ಅಪ್ಪ ಮಗ ಇಬ್ಬರನ್ನೂ, ತಾವೇ ಮಾಡಿದರು. 1983ರಲ್ಲಿ ಹಿರಣ್ಯಕಶಿಪು ಆದಾಗ ಎದುರಿಗಿದ್ದ ಪ್ರಹ್ಲಾದ ಅವರ ಸ್ವಂತ ಮಗ, ಮುಂದೆ ಪುನೀತ್ ಆದ ಬಾಲಕ ಲೋಹಿತ್. ಜಿಲ್ಲೆಯ ತೊಂಡಗೆರೆಯಿಂದ ಬಂದ ಹಿರಿಯ ನಟರ ಹೆಸರೇ ಲೋಹಿತಾಶ್ವ. ಹರಿಶ್ಚಂದ್ರನ ಮಗನ ಹೆಸರನ್ನು ಮನೆಯ ಮಗುವಿಗೆ ಇಡುವಷ್ಟು ಹತ್ತಿರದ್ದು ನಮ್ಮವರಿಗೆ ಈ ಕಥೆ.

ಆದ್ದರಿಂದ ಹರಿಶ್ಚಂದ್ರನಿಂದಲೇ ಶುರುಮಾಡೋಣ. ಸುಡುಗಾಡಿನ ದೃಶ್ಯ ಬರುವಾಗ ಸಾಮಾನ್ಯವಾಗಿ ರಾತ್ರಿ ಮೂರರ ಆಸುಪಾಸು. ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸತ್ತಿದ್ದಾನೆ. ಚಂದ್ರಮತಿ ಹೆಣ ಹೊತ್ತು ಬಂದು ಚಿತೆ ಹೂಡಲು ನೋಡುತ್ತಾಳೆ. ಕಾವಲುಗಾರ ತಡೆಯುತ್ತಾನೆ. ಈ ಹೊತ್ತಿಗೆ ಹರಿಶ್ಚಂದ್ರನ ಬಲಗೈ ಅಂಗೈ ಮೇಲಾಗಿ ಸುಂಕಕ್ಕೆ ಚಾಚಿರಬೇಕು, ಎಡಗೈಯಲ್ಲಿ ಕೋಲು, ಹೆಗಲಿಗೆ ಕಂಬಳಿ. ಹಲವು ನಾಟಕಗಳಲ್ಲಿ ಗುರುತು ಸಿಗುವುದು ತಾಳಿಯಿಂದ: ಚಂದ್ರಮತಿಯ ತಾಳಿ ಗಂಡನ ಕಣ್ಣಿಗೆ ಮಾತ್ರ ಕಾಣುವಂಥದ್ದು. ಕೊರಳಲ್ಲಿ ತಾಳಿ ಇದೆಯಲ್ಲ, ಅದನ್ನು ಮಾರಿ ಹಣ ತಾ ಎಂದು ಕಾವಲುಗಾರ ಹೇಳಿದ ಕೂಡಲೇ ಅವಳಿಗೆ ತಿಳಿಯುತ್ತದೆ. ಸಭೆಗೆ ಮೊದಲೇ ಗೊತ್ತು. ಎಲ್ಲರಿಗಿಂತ ಕೊನೆಗೆ ತಿಳಿಯುವವನು ಅಪ್ಪ.

ಇಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಾಡುವ ತಪ್ಪು ಒಂದೇ. ಗುರುತು ಸಿಕ್ಕ ತಕ್ಷಣ ಕೋಲು ಬಿಸಾಡಿ, ಓಡಿ ಹೋಗಿ ಮಗುವನ್ನು ತಬ್ಬಿ, ಪದ್ಯ ಎತ್ತಿಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ ನಿಜ. ಆದರೆ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ. ಅಷ್ಟು ಅತ್ತ ಮನುಷ್ಯ ಎದ್ದು ನಿಂತು ಮತ್ತೆ ಸುಂಕ ಕೇಳಿದರೆ ನೋಡುವವರಿಗೆ ಅವನು ಕಟುಕನಂತೆ ಕಾಣುತ್ತಾನೆ, ಸತ್ಯವಂತನಂತೆ ಕಾಣುವುದಿಲ್ಲ. ಕ್ರಮ ಹೀಗಿರಬೇಕು: ಮೊದಲು ಎಡಗೈಯ ಕೋಲು ನಡುಗಲಿ. ಆಮೇಲೆ ಕಣ್ಣು ಹೆಂಡತಿಯ ಮುಖ ಬಿಟ್ಟು ಮಗುವಿನ ಪಾದಕ್ಕೆ ಇಳಿಯಲಿ. ಐದು ಎಣಿಸುವಷ್ಟು ಹೊತ್ತು ಮಾತಿಲ್ಲ. ಚಾಚಿದ ಬಲಗೈ ಮಾತ್ರ ಇದ್ದಲ್ಲೇ ಇರಲಿ, ಒಂದು ಗೇಣೂ ಇಳಿಯಬಾರದು. ಆ ಕೈ ಒಡೆಯನದು. ಅದೇ ಕೈ ಚಾಚಿಕೊಂಡೇ, ಮೊದಲಿನ ಶ್ರುತಿಯಲ್ಲೇ, ಇನ್ನಷ್ಟು ನಿಧಾನವಾಗಿ ಸುಂಕವನ್ನು ಎರಡನೇ ಸಲ ಕೇಳಬೇಕು. ಆಮೇಲೆ ಪದ್ಯ. ಹೀಗೆ ಮಾಡಿದಾಗ ಹಿಂದಿನ ಸಾಲಿನಲ್ಲಿ ಮಲಗಿದ್ದವರೂ ಎದ್ದು ಕೂರುತ್ತಾರೆ. ಕಣ್ಣೀರು ನಟನ ಮುಖದಲ್ಲಿ ಬರಬೇಕಾಗಿಲ್ಲ, ಸಭೆಯಲ್ಲಿ ಬಂದರಾಯಿತು.

ಈ ದೃಶ್ಯ ಕೆಡುವುದಕ್ಕೆ ಇನ್ನೊಂದು ಕಾರಣ ಮಗು. ಆರೇಳು ವರ್ಷದ ಹುಡುಗ ರಾತ್ರಿ ಮೂರರವರೆಗೆ ಎಚ್ಚರವಿದ್ದರೆ ಹೆಣವಾಗಿ ಮಲಗಿದವನು ನಿಜವಾಗಿಯೇ ನಿದ್ದೆ ಹೋಗಿ ಮಗ್ಗುಲಾಗುತ್ತಾನೆ. ಅವನನ್ನು ಹತ್ತು ಗಂಟೆಗೇ ಊಟ ಮಾಡಿಸಿ ಮಲಗಿಸಿ, ದೃಶ್ಯಕ್ಕೆ ಅರ್ಧ ಗಂಟೆ ಮೊದಲು ಎಬ್ಬಿಸಿ ಮುಖ ತೊಳೆಸಬೇಕು. ರಂಗದ ಮೇಲೆ ತಲೆ ವಿಂಗಿನ, ಎಂದರೆ ರಂಗದ ಪಕ್ಕದ ಮರೆಯ, ಕಡೆ, ಪಾದ ಸಭೆಯ ಕಡೆ ಇರುವಂತೆ ಮಲಗಿಸಿ, ಎದೆಯ ಮೇಲೆ ಚಂದ್ರಮತಿಯ ಸೆರಗು ಹರಡಿದರೆ ಉಸಿರಾಟ ಕಾಣುವುದಿಲ್ಲ. ಪುಟ್ಟ ಪಾದ ಎರಡು ಕಂಡರೆ ಸಾಕು. ಇನ್ನು ಎತ್ತುವುದು. ಆ ವಯಸ್ಸಿನ ಹುಡುಗ ಸುಮಾರು 20 ಕಿಲೋ ತೂಗುತ್ತಾನೆ. ಸ್ತ್ರೀ ಪಾತ್ರಧಾರಿಗಳು ಬಹಳ ಕಡೆ ಹೊರಗಿನಿಂದ ಬರುವವರು, ನಾಟಕದ ದಿನವೋ ಒಂದೆರಡು ದಿನ ಮುಂಚೆಯೋ ತಾಲೀಮಿಗೆ ಸೇರುವವರು. ಪದ್ಯ ಹೊಂದಿಸಿಕೊಳ್ಳುವುದರಲ್ಲೇ ಆ ಹೊತ್ತು ಕಳೆದು, ಮಗು ಎತ್ತುವ ಅಭ್ಯಾಸ ಬಿಟ್ಟುಹೋಗುತ್ತದೆ. ಸಂಜೆ ಬಣ್ಣ ಹಚ್ಚುವ ಮುಂಚೆ ಮೂರು ಸಲವಾದರೂ ಎತ್ತಿ ನಡೆಸಿ ನೋಡಬೇಕು: ಒಂದು ಕೈ ಮಂಡಿಯ ಕೆಳಗೆ, ಒಂದು ಕೈ ಬೆನ್ನಿಗೆ, ಹುಡುಗನ ಸಭೆಯ ಕಡೆಯ ಕೈ ಜೋತುಬಿದ್ದಿರಲಿ.

ಚಿತೆಗೆ ನಿಜವಾದ ಬೆಂಕಿ ಬೇಡ. ಕ್ರೇಪಿನ ಗಡ್ಡ, ನೈಲಾನಿನ ಟೋಪನ್ (ಕಟ್ಟುಗೂದಲು), ಎಣ್ಣೆಬಣ್ಣದ ಪರದೆ ಮೂರೂ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಸೌದೆಯ ಒಳಗೆ ಒಂದು ಬಲ್ಬು, ಅದಕ್ಕೆ ತಾಗದಂತೆ ಕೆಂಪು ಜಿಲೇಟಿನ್ ಹಾಳೆ, ಹಿಂದೆ ಸಾಂಬ್ರಾಣಿಯ ಹೊಗೆ ಸಾಕು. ಅಲ್ಲೂ ಹೊಗೆ ಅತಿಯಾದರೆ ಹಾಡುವವರ ಗಂಟಲು ಹಿಡಿಯುತ್ತದೆ.

ಶ್ರುತಿಯ ಮಾತು ಇಲ್ಲೇ ಹೇಳಿಬಿಡಬೇಕು. ದುರ್ಯೋಧನ ಬಿಳಿ ನಾಲ್ಕರಲ್ಲಿ, ಎಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿಯಲ್ಲಿ, ಎತ್ತಿ ಹಾಡಿದನೆಂದು ಧೃತರಾಷ್ಟ್ರನೂ ಅಲ್ಲಿಯೇ ಹಾಡಿದರೆ ಮಗನಿಗಿಂತ ಅಪ್ಪನೇ ಹರೆಯದವನಂತೆ ಕೇಳಿಸುತ್ತಾನೆ. ಅಪ್ಪನ ಪದ್ಯ ಬಿಳಿ ಒಂದಕ್ಕೋ ಕಪ್ಪು ಒಂದಕ್ಕೋ ಇಳಿಯಲಿ. ಕಂದಪದ್ಯದ ಒಂದನೇ ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡನೆಯದು ಮತ್ತು ನಾಲ್ಕನೆಯದಕ್ಕೆ 20. ಎಳೆಯ ವೀರರು ಆ 20ನ್ನು ಒಂದೇ ಉಸಿರಿನಲ್ಲಿ ತೆಗೆದು ಕೊನೆಯಲ್ಲಿ ಎಳೆಯುತ್ತಾರೆ, ಅದು ಅವರಿಗೆ ಶೋಭೆ. ಮುದಿ ಅಪ್ಪ 12ಕ್ಕೆ ಉಸಿರು ಮುರಿದು ಉಳಿದ ಎಂಟನ್ನು ಬೇರೆ ಉಸಿರಿನಲ್ಲಿ ಹೇಳಲಿ. ಆ ಒಂದು ಮುರಿತ ಹತ್ತು ಸಾಲಿನ ಮಾತಿನಷ್ಟು ಕೆಲಸ ಮಾಡುತ್ತದೆ. ಕೊನೆಯ ಅಕ್ಷರದ ಎಳೆತ ಬೇಡವೇ ಬೇಡ. ರಾಗಕ್ಕೆ ಬಂದರೆ, ಅಳುವ ಪದ್ಯವೆಂದ ಕೂಡಲೇ ಮುಖಾರಿಯೇ ಆಗಬೇಕೆಂದಿಲ್ಲ. ಇಡೀ ರಾತ್ರಿ ಮೂರು ನಾಲ್ಕು ಸಾವುಗಳಿದ್ದರೆ ಒಂದನ್ನು ಮುಖಾರಿಗೆ ಮೀಸಲಿಟ್ಟು, ಉಳಿದವನ್ನು ಬೇರೆ ರಾಗದಲ್ಲಿ ಕೂಡಿಸಲು ಹಾರ್ಮೋನಿಯಂ ಮೇಷ್ಟ್ರನ್ನು ಮೊದಲ ವಾರದಲ್ಲೇ ಕೇಳಿಕೊಳ್ಳಬೇಕು.

ಧೃತರಾಷ್ಟ್ರ ನಿಜಕ್ಕೂ ಕಠಿಣ ಪಾತ್ರ. ಕಣ್ಣು ಮುಚ್ಚಿಕೊಂಡು ಅಭಿನಯಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅದೇ ಕೆಟ್ಟ ಉಪಾಯ. ಮುಚ್ಚಿದ ಕಣ್ಣಿನ ಮುಖ ದೂರದವರಿಗೆ ನಿದ್ದೆಯ ಮುಖದಂತೆ ಕಾಣುತ್ತದೆ. ಕಣ್ಣು ತೆರೆದೇ ಇರಲಿ, ನೋಟ ಎದುರಿನವರ ತಲೆಗಿಂತ ಒಂದು ಗೇಣು ಮೇಲೆ ನೆಟ್ಟಿರಲಿ, ರೆಪ್ಪೆ ಬಡಿಯುವುದು ಕಡಿಮೆಯಾಗಲಿ. ಯಾರಾದರೂ ಮಾತಾಡಿದರೆ ಮುಖ ತಿರುಗುವ ಮುಂಚೆ ಕಿವಿ ತಿರುಗಬೇಕು. ನಡೆಯುವಾಗ ಕೈ ಮುಂದೆ, ಹೆಜ್ಜೆ ಹಿಂದೆ.

ಇಷ್ಟೆಲ್ಲ ಕಲಿತರೂ ಮೈಕು ಕೆಡಿಸುತ್ತದೆ. ಹಳ್ಳಿಯ ರಂಗದಲ್ಲಿ ಮೈಕು ಮೇಲಿನಿಂದ ತೂಗುಬಿಟ್ಟಿರುತ್ತದೆ, ಪಾತ್ರಧಾರಿಗಳೆಲ್ಲ ಅದರ ಕೆಳಗೆ ಬಂದು ನಿಂತು ಹಾಡುತ್ತಾರೆ. ಕುರುಡ ಅರಸ ಒಳಗಿನಿಂದ ಬಂದವನೇ ನೇರವಾಗಿ ಮೈಕಿನ ಕೆಳಗೆ ನಿಂತು, ಶ್ರುತಿಗಾಗಿ ಹಾರ್ಮೋನಿಯಂ ಕಡೆ ಕಣ್ಣು ಹಾಯಿಸಿದನೆಂದರೆ ಅಲ್ಲಿಗೆ ಕುರುಡುತನ ಹೋಯಿತು. ಇದಕ್ಕೆ ಪರಿಹಾರ ಕಥೆಯಲ್ಲೇ ಇದೆ. ಸಂಜಯ ಯಾವಾಗಲೂ ಜೊತೆಗಿರುವವನು, ಅವನೇ ಮೊಳಕೈ ಹಿಡಿದು ಮೈಕಿನ ಕೆಳಗೆ ತಂದು ನಿಲ್ಲಿಸಲಿ. ಮೇಷ್ಟ್ರು ಸಂಜಯನ ಮಾತು ಮುಗಿಯುವ ಮುಂಚೆಯೇ ಆಧಾರ ಷಡ್ಜ ಹಿಡಿದಿರಲಿ. ಆಗ ಅರಸ ಯಾರನ್ನೂ ನೋಡಬೇಕಾದ್ದಿಲ್ಲ.

ಬಿಳಿ ಗಡ್ಡದ್ದೂ ಒಂದು ಪಾಠ. ದಾರ ಕಟ್ಟುವ ಗಡ್ಡ ಬಾಯಿ ತೆರೆದಾಗಲೆಲ್ಲ ಗಲ್ಲದಿಂದ ಮೇಲೇಳುತ್ತದೆ, ಏಕೆಂದರೆ ಗಲ್ಲ ಇಳಿಯುತ್ತದೆ, ದಾರ ಇಳಿಯುವುದಿಲ್ಲ. ಗಲ್ಲದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಸ್ಪಿರಿಟ್ ಗಮ್ ಹಚ್ಚಿ, ಒಂದು ನಿಮಿಷ ಬಿಟ್ಟು ಅಂಟು ಬಂದ ಮೇಲೆ ಒತ್ತಿದರೆ ನಿಲ್ಲುತ್ತದೆ. ಹಸಿಯಿದ್ದಾಗಲೇ ಒತ್ತಿದರೆ ಬೆವರಿಗೆ ಜಾರುತ್ತದೆ. ಬಾಯಿಯ ಎರಡು ಮೂಲೆಗೆ ಗಮ್ ಹಚ್ಚಬಾರದು. ಹಾಡುವಾಗ ಎಳೆದು ಮೊದಲು ಬಿಚ್ಚಿಕೊಳ್ಳುವುದು ಅಲ್ಲಿಯೇ.

ಧೃತರಾಷ್ಟ್ರನ ದೊಡ್ಡ ದೃಶ್ಯ ಯುದ್ಧ ಮುಗಿದ ಮೇಲಿನದು. ನಾಟಕವನ್ನು ದುರ್ಯೋಧನನ ಪತನಕ್ಕೇ ನಿಲ್ಲಿಸಿದರೆ ಇದು ಸಿಗುವುದಿಲ್ಲ. ಅದು ದೊಡ್ಡ ನಷ್ಟವೆಂದೇ ಹೇಳಬೇಕು. ನೂರು ಮಕ್ಕಳನ್ನು ಕಳೆದುಕೊಂಡವನು ಭೀಮನನ್ನು ಅಪ್ಪಿಕೊಳ್ಳಬೇಕೆಂದು ಕರೆಯುತ್ತಾನೆ. ಕೃಷ್ಣ ಭೀಮನನ್ನು ಹಿಂದಕ್ಕೆಳೆದು ಕಬ್ಬಿಣದ ಬೊಂಬೆಯನ್ನು ಮುಂದಿಡುತ್ತಾನೆ. ಅರಸ ಅದನ್ನು ಅಪ್ಪಿ ಪುಡಿಮಾಡುತ್ತಾನೆ, ತನ್ನ ಎದೆಯೂ ಜಜ್ಜಿಹೋಗುತ್ತದೆ. ಮೂಲದಲ್ಲಿ ಮುಂದಿನ ಗಳಿಗೆ ಇನ್ನೂ ಆಳದ್ದು: ಕೋಪ ಇಳಿದ ಕೂಡಲೇ, ಭೀಮನನ್ನು ಕೊಂದೆನಲ್ಲಾ ಎಂದು ಅದೇ ಮನುಷ್ಯ ಅಳುತ್ತಾನೆ. ಸೋಗಿನ ಪ್ರೀತಿ, ಸೇಡು, ನಿಜವಾದ ಸಂಕಟ ಮೂರೂ ಒಂದು ನಿಮಿಷದೊಳಗೆ. ಮಕ್ಕಳನ್ನು ಕಳೆದುಕೊಂಡ ಸಿಟ್ಟೂ ಅಪ್ಪನದೇ, ತಮ್ಮನ ಮಗನನ್ನು ಕೊಂದೆನೆಂಬ ಅಳುವೂ ಅಪ್ಪನದೇ. ಎರಡನೆಯದನ್ನು ಬಿಟ್ಟರೆ ಧೃತರಾಷ್ಟ್ರ ಬರೀ ಖಳನಾಗಿ ಉಳಿಯುತ್ತಾನೆ.

ಬೊಂಬೆ ಮುರಿಯದಿದ್ದರೆ ದೃಶ್ಯ ನಗೆಪಾಟಲು. ಹೆಬ್ಬೆರಳಗಲದ ಬಿದಿರು ದಬ್ಬೆಗಳಲ್ಲಿ ಆಳುದ್ದದ ಚೌಕಟ್ಟು ಕಟ್ಟಿ, ಹಳೆ ಕಾಗದ ಎರಡು ಪದರ ಅಂಟಿಸಿ, ಕಪ್ಪು ಬಣ್ಣ ಬಳಿಯಬೇಕು. ಎದೆಯ ಮಟ್ಟದ ದಬ್ಬೆಗಳನ್ನು ಮೊದಲೇ ಮುಕ್ಕಾಲು ಭಾಗ ಕೊಯ್ದು ತೆಳ್ಳನೆ ದಾರದಲ್ಲಿ ಬಿಗಿದಿಡಬೇಕು. ತಂತಿ ಬಳಸಿದರೆ ಬಾಗುತ್ತದೆ, ಮುರಿಯುವುದಿಲ್ಲ. ದಬ್ಬೆಯ ಸೀಳು ಚುಚ್ಚದಂತೆ ಒಳಗಡೆ ಗೋಣಿತಾಟು ಸುತ್ತಬೇಕು. ಒಳಗೆ ಒಣಗಿದ ತೆಂಗಿನ ಗರಿ ತುಂಬಿದ್ದರೆ ಒತ್ತಿದ ಕೂಡಲೇ ಲಟಲಟ ಸದ್ದು ಬರುತ್ತದೆ. ಅದೇ ಹೊತ್ತಿಗೆ ವಿಂಗಿನೊಳಗಿಂದ ಒಬ್ಬರು ತಗಡಿನ ಹಾಳೆ ಬಡಿಯಲಿ. ಅಪ್ಪುವ ಮುಂಚೆ ಅರಸನ ಭುಜಕೀರ್ತಿ ಬಿಚ್ಚಿಡಿಸುವುದನ್ನು ಮರೆಯಬಾರದು. ಯುದ್ಧ ಮುಗಿದ ಮನೆಯಲ್ಲಿ ಅರಸನಿಗೆ ಒಡವೆ ಹೇಗೂ ಸಲ್ಲದು, ಇದ್ದರೆ ಬೊಂಬೆಯ ದಾರಕ್ಕೆ ಸಿಕ್ಕಿಕೊಂಡು ಬಿಡಿಸಲು ಸಂಜಯನೇ ಬರಬೇಕಾಗುತ್ತದೆ.

ಹಿರಣ್ಯಕಶಿಪುವಿನಲ್ಲಿ ಬರುವ ಕೇಡು ಬೇರೆ. ಪರದೆ ಸರಿಸಿದಾಗಿನಿಂದಲೇ ಅಬ್ಬರಿಸುವವರು ಕಂಬ ಒಡೆಯುವ ಹೊತ್ತಿಗೆ ಏರುವುದಕ್ಕೆ ಮೆಟ್ಟಿಲೇ ಇಲ್ಲದೆ ಗಂಟಲು ಒಡೆದುಕೊಳ್ಳುತ್ತಾರೆ. ಭಾಗವತದಲ್ಲಿ ಅವನು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗುರುಗಳು ಏನು ಕಲಿಸಿದರು ಮಗು ಎಂದು ಅಕ್ಕರೆಯಿಂದ ಕೇಳುತ್ತಾನೆ. ಹರಿಭಕ್ತಿಯ ಒಂಬತ್ತು ಬಗೆ ಕೇಳಿದ ಮೇಲೆ ತೊಡೆಯಿಂದ ನೆಲಕ್ಕೆ ಎಸೆಯುತ್ತಾನೆ. ಆ ಅಕ್ಕರೆ ಸಾಚಾ ಆಗಿದ್ದರೆ ಎಸೆತಕ್ಕೆ ಸಭೆ ಬೆಚ್ಚುತ್ತದೆ. ಅದಕ್ಕೆ ಮೊದಲ ದೃಶ್ಯಗಳಲ್ಲಿ ಮಗನೊಡನೆ ಆಡುವ ಮಾತು ಮನೆಯ ದನಿಯಲ್ಲೇ ಇರಲಿ. ಅಠಾಣದಂಥ ಬಿರುಸಿನ ರಾಗಗಳನ್ನು ತೊಡೆಯಿಂದ ಇಳಿಸಿದ ನಂತರಕ್ಕೆ ಇಟ್ಟುಕೊಳ್ಳಲಿ. ಎಸೆಯುವುದರ ಗುಟ್ಟು ಮಗುವಿನ ಕಾಲಿನಲ್ಲಿದೆ. ಮಗು ತಾನೇ ನೆಲ ಒದ್ದು ಜಿಗಿಯುತ್ತದೆ, ಅಪ್ಪನ ಕೈ ಅದರ ಹಿಂದೆ ಖಾಲಿಯಾಗಿ ಬೀಸುತ್ತದೆ. ಬೀಳುವ ಜಾಗದಲ್ಲಿ ಜಮಖಾನದ ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ ಹಾಸಿರಬೇಕು. ಕೋಪದ ಭರದಲ್ಲಿ ನಿಜವಾಗಿ ದೂಡಿದ ಅಪ್ಪನಿಗೆ ಮುಂದಿನ ತಾಲೀಮಿನಲ್ಲಿ ಮಗು ಹತ್ತಿರವೇ ಬರುವುದಿಲ್ಲ, ಆ ಹೆದರಿಕೆ ರಂಗದ ಮೇಲೂ ಕಾಣುತ್ತದೆ. ಪ್ರಹ್ಲಾದ ಹೆದರುವವನಲ್ಲ.

ದಶರಥನಿಗೆ ಮಲಗಿ ಹಾಡುವುದೇ ತೊಡಕು. ಚಪ್ಪಟೆ ಮಲಗಿದರೆ ಉಸಿರು ಸಾಲದು, ಮೈಕಿಗೂ ದನಿ ಮುಟ್ಟದು. ಮಂಚದ ತಲೆಯ ಕಡೆ ಎರಡೆರಡು ಇಟ್ಟಿಗೆ ಇಟ್ಟು ಬೆನ್ನಿಗೆ ದಿಂಬು ಕೊಟ್ಟರೆ ಎರಡೂ ಸರಿಹೋಗುತ್ತವೆ. ಶ್ರವಣಕುಮಾರನ ಅಪ್ಪ ಕೊಟ್ಟ ಶಾಪ ನೆನೆಯುವ ಮಾತನ್ನು ಉದ್ದವೆಂದು ಕತ್ತರಿಸುವವರಿದ್ದಾರೆ. ಅದನ್ನು ಕತ್ತರಿಸಬಾರದು. ಇನ್ನೊಬ್ಬ ಕುರುಡು ಅಪ್ಪನಿಂದ ಮಗನನ್ನು ಕಿತ್ತುಕೊಂಡವನು ತಾನು ಎಂದು ದಶರಥನಿಗೆ ತಿಳಿಯುವ ಜಾಗ ಅದು.

ದೃಶ್ಯ ಯಾವುದೇ ಇರಲಿ, ಹಾರ ಮತ್ತು ಮುಯ್ಯಿಯ ವಿಚಾರವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಬೀಗರು, ನೆಂಟರು ಪ್ರೀತಿಯಿಂದಲೇ ರಂಗಕ್ಕೆ ಬಂದು ಹಾರ ಹಾಕುತ್ತಾರೆ, ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ. ಹೆಣದ ಮುಂದೆ ನಿಂತ ಹರಿಶ್ಚಂದ್ರನ ಕೊರಳಿಗೆ ಆ ಹೊತ್ತಿನಲ್ಲೇ ಹಾರ ಬಿದ್ದರೆ ರಾತ್ರಿಯಿಡೀ ಕಟ್ಟಿದ್ದು ಕುಸಿಯುತ್ತದೆ. ಅಪ್ಪನ ಪಾತ್ರದವರಿಗೆ ಬರುವ ಹಾರಗಳೆಲ್ಲ ಅವರ ಮೊದಲ ಪ್ರವೇಶದಲ್ಲೇ ಮುಗಿಯಲಿ ಎಂದು ಊರಿನ ಹಿರಿಯರಿಂದಲೇ ಹೇಳಿಸಿದರೆ ಯಾರಿಗೂ ಬೇಸರವಾಗುವುದಿಲ್ಲ.

ಕೊನೆಗೆ ಅರ್ಜುನ. ಅವನನ್ನು ವೀರನೆಂದೇ ಎಲ್ಲರೂ ಕಲಿಯುತ್ತಾರೆ, ಅಪ್ಪನೆಂದು ಕಲಿಯುವವರು ವಿರಳ. ಹದಿಮೂರನೆಯ ದಿನ ಚಕ್ರವ್ಯೂಹದಲ್ಲಿ ಅಭಿಮನ್ಯು ಬಿದ್ದಿದ್ದಾನೆ. ಸಂಜೆ ಅರ್ಜುನ ಬಿಡಾರಕ್ಕೆ ಮರಳುತ್ತಾನೆ. ವ್ಯಾಸಭಾರತದಲ್ಲಿ ಯಾರೂ ಸುದ್ದಿ ಹೇಳುವ ಮೊದಲೇ ಅವನು ಕೇಳುತ್ತಾನೆ: ಇವತ್ತು ವಾದ್ಯಗಳೇಕೆ ನುಡಿಯುತ್ತಿಲ್ಲ, ದಿನವೂ ನಗುತ್ತ ಎದುರುಗೊಳ್ಳುವ ಅಭಿಮನ್ಯು ಏಕೆ ಬಂದಿಲ್ಲ. ಸೈಂಧವನನ್ನು ನಾಳೆ ಸೂರ್ಯ ಮುಳುಗುವುದರೊಳಗೆ ಕೊಲ್ಲುವೆನೆಂಬ ಪ್ರತಿಜ್ಞೆ ಆಮೇಲಿನದು. ಬಹುಪಾಲು ತಂಡಗಳು ನೇರ ಪ್ರತಿಜ್ಞೆಗೆ ಹಾರುತ್ತವೆ, ಅದಕ್ಕೆ ಒಳ್ಳೆಯ ಪದ್ಯವಿದೆಯೆಂದು. ಪ್ರತಿಜ್ಞೆಗೆ ಮುಂಚಿನ ಆ ಪ್ರಶ್ನೆಗೆ ಒಂದು ನಿಮಿಷ ಕೊಡಿ. ಅರ್ಜುನ ಬರುವ ಮೊದಲು ತಬಲಾದ ಮೇಲೆ ಬಟ್ಟೆ ಬೀಳಲಿ, ಮೇಷ್ಟ್ರು ಹಾರ್ಮೋನಿಯಂ ತಿದಿಯಿಂದ ಕಾಲು ತೆಗೆಯಲಿ. ಸಂಜೆ ಏಳರಿಂದ ನಿಲ್ಲದೆ ಬಂದ ಶ್ರುತಿ ಆಗ ಮೊದಲ ಸಲ ನಿಲ್ಲುತ್ತದೆ. ಹಿಂದೆ ಎಲ್ಲೋ ಓಡುತ್ತಿರುವ ಜನರೇಟರಿನ ಸದ್ದು ಸಭೆಗೆ ಕೇಳಿಸುತ್ತದೆ. ಅರ್ಜುನ ನಾಲ್ಕು ಹೆಜ್ಜೆ ಇಟ್ಟು, ಗಾಂಡೀವವನ್ನು ಹೆಗಲಿನಿಂದ ಇಳಿಸದೆ, ಎಡ ವಿಂಗಿನ ಕಡೆಗೊಮ್ಮೆ, ಬಲ ವಿಂಗಿನ ಕಡೆಗೊಮ್ಮೆ ನೋಡಲಿ. ಹುಡುಗ ದಿನವೂ ಎಡಗಡೆಯಿಂದ ಓಡಿಬರುತ್ತಿದ್ದನೆಂದು ಹಿಂದಿನ ದೃಶ್ಯಗಳಲ್ಲೇ ರೂಢಿ ಮಾಡಿಟ್ಟಿದ್ದರೆ, ಎಡಕ್ಕೆ ಎರಡನೇ ಸಲ ತಿರುಗಿದಾಗ ಇಡೀ ಸಭೆಯೂ ಅವನ ಜೊತೆ ಆ ಕಡೆಗೇ ನೋಡುತ್ತದೆ.